ಬಾಲ್ಯದ ಗಾಯ, ಹೊಸ ಅಧ್ಯಾತ್ಮದ ಸೆಳೆತ: ನಿಮ್ಮ ಒಲವನ್ನು ನೀವೇ ಓದಿಕೊಳ್ಳುವ ಬಗೆ

ಮನೆಯಲ್ಲಿ ತಲೆತಲಾಂತರದಿಂದ ನಡೆದುಬಂದ ದೇವರ ಪೂಜೆಯನ್ನು ಬಿಟ್ಟು, ಮೂವತ್ತರ ಆಸುಪಾಸಿನಲ್ಲಿ ರೇಕಿ (ಕೈಯಿಟ್ಟು ಮಾಡುವ ಚಿಕಿತ್ಸೆ), ಟ್ಯಾರೋ (ಚಿತ್ರದ ಕಾರ್ಡುಗಳನ್ನು ತೆಗೆದು ಹೇಳುವ ಭವಿಷ್ಯ), ಚಕ್ರಶುದ್ಧಿ, ಹರಳುಗಳ ಚಿಕಿತ್ಸೆ, ಪೂರ್ವಜನ್ಮದ ಸ್ಮರಣೆ ಮುಂತಾದವುಗಳ ಕಡೆಗೆ ಹೊರಳಿದವರು ಬೆಂಗಳೂರಿನಂಥ ನಗರದಲ್ಲಿ ಈಗ ಅಪರೂಪವಲ್ಲ. ಮನೆಯವರು ಅದನ್ನು ಮರುಳು ಎನ್ನುತ್ತಾರೆ, ಹೊಸ ಬಳಗದವರು ಜಾಗೃತಿ ಎನ್ನುತ್ತಾರೆ. ಈ ಎರಡು ಮಾತುಗಳ ನಡುವೆ ಸಿಕ್ಕಿಕೊಂಡವರಿಗೆ ‘ನನಗೆ ಇದೇ ಏಕೆ ಬೇಕಾಯಿತು, ಈಗಲೇ ಏಕೆ ಬೇಕಾಯಿತು’ ಎಂದು ಕೇಳಿಕೊಳ್ಳುವ ವ್ಯವಧಾನವೇ ಸಿಗುವುದಿಲ್ಲ. ಆ ಪ್ರಶ್ನೆಯನ್ನು ಕೇಳಿಕೊಳ್ಳಲು ಬೇಕಾದ ತಿಳಿವಳಿಕೆಯನ್ನೂ ಕ್ರಮವನ್ನೂ ಒದಗಿಸುವುದು ಈ ಬರಹದ ಉದ್ದೇಶ. ಇದು ಮುಖ್ಯವಾಗಿ ಸೆಳೆತಕ್ಕೆ ಒಳಗಾದವರಿಗಾಗಿ ಬರೆದದ್ದು. ಅವರ ಮನೆಯವರಿಗೆ ಹೇಳಬೇಕಾದ ಮಾತು ‘ಮನೆಯವರಿಗೆ’ ಎಂಬ ಭಾಗದಲ್ಲಿ ಬರುತ್ತದೆ.

ಮೊದಲಿಗೆ ಒಂದು ಎಚ್ಚರಿಕೆ. ಕಷ್ಟದ ಬಾಲ್ಯಕ್ಕೂ ಪರ್ಯಾಯ ಅಧ್ಯಾತ್ಮಕ್ಕೂ ನಂಟಿದೆ ಎಂದ ಮಾತ್ರಕ್ಕೆ ಆ ಅಧ್ಯಾತ್ಮ ಸುಳ್ಳೆಂದು ಸಾಧಿಸಿದಂತಾಗುವುದಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ವಿಲಿಯಂ ಜೇಮ್ಸ್ 1901–02ರಲ್ಲಿ ಎಡಿನ್‌ಬರೋದಲ್ಲಿ ನೀಡಿದ ಉಪನ್ಯಾಸಗಳಲ್ಲಿ, ಒಂದು ನಂಬಿಕೆ ದೇಹದ ಅಥವಾ ಮನಸ್ಸಿನ ಯಾವ ಸ್ಥಿತಿಯಿಂದ ಹುಟ್ಟಿತು ಎಂಬುದರಿಂದ ಅದರ ಬೆಲೆ ಕಟ್ಟಲಾಗದು, ಅದು ಬದುಕಿನಲ್ಲಿ ಕೊಡುವ ಫಲದಿಂದ ಕಟ್ಟಬೇಕು ಎಂದು ವಾದಿಸಿದ್ದರು. ಸ್ವತಃ ತೀವ್ರ ಖಿನ್ನತೆಯನ್ನು ಅನುಭವಿಸಿದವರ ಮಾತದು. ಬೇರು ಯಾವುದೆಂದು ತಿಳಿಯುವುದು ಬೇರೆ, ಹಣ್ಣು ಹೇಗಿದೆಯೆಂದು ನೋಡುವುದು ಬೇರೆ. ಮುಂದಿನ ಪ್ರತಿಯೊಂದು ಹೆಜ್ಜೆಯಲ್ಲೂ ಈ ಎರಡನ್ನು ಬೆರೆಸದಿರುವುದೇ ಓದುಗರಿಂದ ನಾನು ಬಯಸುವ ಶಿಸ್ತು.

ಸಂಶೋಧನೆ ಹೇಳಿದ್ದೆಷ್ಟು, ಹೇಳದಿದ್ದದ್ದೆಷ್ಟು

ಬ್ರಿಟನ್ನಿನ ಮನೋವೈದ್ಯ ಜಾನ್ ಬೌಲ್ಬಿ ಎರಡನೆಯ ಮಹಾಯುದ್ಧದ ನಂತರ ಮನೆಮಾರು ಕಳೆದುಕೊಂಡ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಗಾಗಿ 1951ರಲ್ಲಿ ವರದಿಯೊಂದನ್ನು ಬರೆದರು. ಅಲ್ಲಿಂದ ಮುಂದೆ ಅವರು ಬೆಳೆಸಿದ ಚಿಂತನೆಯನ್ನು ಬಾಂಧವ್ಯ ಸಿದ್ಧಾಂತ ಎನ್ನಬಹುದು. ಅದರ ಸಾರ ಸರಳವಾದದ್ದು. ಮಗುವಿಗೆ ಭಯವಾದಾಗ ಓಡಿಹೋಗಿ ತಬ್ಬಿಕೊಳ್ಳಲು ಒಂದು ಮಡಿಲು ಬೇಕು. ಆ ಮಡಿಲು ಹಿಂದೆಯೇ ಇದೆಯೆಂಬ ಭರವಸೆ ಇದ್ದಾಗ ಮಾತ್ರ ಮಗು ಧೈರ್ಯವಾಗಿ ಅಂಗಳ ದಾಟುತ್ತದೆ. ಮನಶ್ಶಾಸ್ತ್ರಜ್ಞೆ ಮೇರಿ ಐನ್ಸ್‌ವರ್ತ್ ಮೊದಲು ಉಗಾಂಡಾದಲ್ಲಿ, ಆಮೇಲೆ ಅಮೆರಿಕದ ಬಾಲ್ಟಿಮೋರಿನಲ್ಲಿ ತಾಯಿಮಕ್ಕಳನ್ನು ಹತ್ತಿರದಿಂದ ಗಮನಿಸಿ ಈ ವಿಚಾರಕ್ಕೆ ನೆಲೆಗಟ್ಟು ಒದಗಿಸಿದರು. ತಬ್ಬಿಕೊಳ್ಳಬೇಕಾದ ಮಡಿಲೇ ಹೆದರಿಸುವಂತಿದ್ದರೆ ಮಗು ಅತ್ತ ಓಡಲಾರದು, ಇತ್ತ ಬಿಟ್ಟಿರಲಾರದು. ಈ ಇಕ್ಕಟ್ಟಿನಲ್ಲಿ ಬೆಳೆದ ಬಾಂಧವ್ಯವನ್ನು 1980ರ ದಶಕದಿಂದೀಚೆಗೆ ‘ಅಸ್ತವ್ಯಸ್ತ ಬಾಂಧವ್ಯ’ ಎಂದು ಪ್ರತ್ಯೇಕವಾಗಿ ಗುರುತಿಸಲಾಗುತ್ತಿದೆ.

ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಪೇರ್ ಗ್ರಾನ್‌ಕ್ವಿಸ್ಟ್ ಮತ್ತು ಅವರ ಸಹೋದ್ಯೋಗಿಗಳು ಈ ಸಿದ್ಧಾಂತವನ್ನು ಧರ್ಮದ ಅಧ್ಯಯನಕ್ಕೆ ಒಯ್ದರು. ಅಕ್ಕರೆಯ ಮನೆಯಲ್ಲಿ ಬೆಳೆದವರು ಸಾಮಾನ್ಯವಾಗಿ ತಂದೆತಾಯಿಗಳ ನಂಬಿಕೆಯನ್ನೇ ನಿಧಾನವಾಗಿ ತಮ್ಮದಾಗಿಸಿಕೊಳ್ಳುತ್ತಾರೆ. ಅಕ್ಕರೆ ಸಿಗದವರಲ್ಲಿ ಧಾರ್ಮಿಕ ತಿರುವು ಹಠಾತ್ತನೆ, ಬಹುಮಟ್ಟಿಗೆ ಮನಸ್ಸು ಕದಡಿದ ಕಾಲದಲ್ಲಿ, ಹೆತ್ತವರ ದಾರಿಯಿಂದ ದೂರವಾಗಿ ಬರುವ ಸಾಧ್ಯತೆ ಹೆಚ್ಚು. ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಅವರ 2009ರ ಅಧ್ಯಯನವು, ಸಂದರ್ಶನದ ಮಾತುಗಳಲ್ಲಿ ಕಂಡ, ಬಗೆಹರಿಯದ ಸಾವುನೋವು ಅಥವಾ ದೌರ್ಜನ್ಯದ ಗುರುತುಗಳಿಗೂ ರೇಕಿ, ಟ್ಯಾರೋಗಳಂಥ ‘ನ್ಯೂ ಏಜ್’ (ಹೊಸ ಯುಗ) ಬಗೆಯ ನಂಬಿಕೆಗಳಿಗೂ ಇರುವ ನಂಟಿನ ನಡುವೆ ‘ತಲ್ಲೀನತೆ’ ಎಂಬ ಗುಣ ಕೊಂಡಿಯಂತೆ ನಿಲ್ಲುತ್ತದೆ ಎಂದು ತೋರಿಸಿತು. ಕಲ್ಪನೆಯಲ್ಲಿ, ನೆನಪಿನಲ್ಲಿ ಅಥವಾ ಒಂದು ದೃಶ್ಯದಲ್ಲಿ ಸುತ್ತಲಿನದೆಲ್ಲ ಮರೆಯುವಷ್ಟು ಮುಳುಗುವ ಶಕ್ತಿಗೆ ತಲ್ಲೀನತೆ ಎಂದು ಹೆಸರು. ಅದನ್ನು ಅಳೆಯುವ ಪ್ರಶ್ನಾವಳಿ 1974ರಿಂದಲೇ ಬಳಕೆಯಲ್ಲಿದೆ. ಗ್ರಾನ್‌ಕ್ವಿಸ್ಟ್ ಅವರಿಗಿಂತ ಮೊದಲೇ, 1982ರಲ್ಲಿ, ಖಾನಾ ಉಲ್ಮನ್ ಎಂಬ ಮನಶ್ಶಾಸ್ತ್ರಜ್ಞೆ ಯೆಹೂದಿ, ಕ್ಯಾಥೊಲಿಕ್, ಹರೇ ಕೃಷ್ಣ ಮತ್ತು ಬಹಾಯಿ ಪಂಥಗಳಿಗೆ ಮತಾಂತರಗೊಂಡ 40 ಮಂದಿಯನ್ನೂ ಮತಾಂತರವಾಗದ 30 ಮಂದಿಯನ್ನೂ ಸಂದರ್ಶಿಸಿದ್ದರು. ಮತಾಂತರಗೊಂಡವರ ಮಾತಿನಲ್ಲಿ ಸತ್ಯದ ಬೌದ್ಧಿಕ ಹುಡುಕಾಟಕ್ಕಿಂತ ನೊಂದ ಬಾಲ್ಯ, ದೂರವಾದ ತಂದೆ, ಹತ್ತಿರದ ವರ್ಷಗಳ ಮಾನಸಿಕ ತಳಮಳ ಇವೇ ಎದ್ದು ಕಂಡವು.

ಈ ಫಲಿತಾಂಶಗಳನ್ನು ಓದುವಾಗ ಮೂರು ಬಗೆಯ ತಪ್ಪುಗಳು ಸುಲಭವಾಗಿ ನುಸುಳುತ್ತವೆ. ಮೊದಲನೆಯದು ತಿರುಗುಮುರುಗು ತರ್ಕ: ನೊಂದವರಲ್ಲಿ ಕೆಲವರು ಈ ದಾರಿಗೆ ಬರುತ್ತಾರೆ ಎಂಬುದರಿಂದ ಈ ದಾರಿಗೆ ಬಂದವರೆಲ್ಲ ನೊಂದವರೇ ಎಂದು ತೀರ್ಮಾನಿಸಲಾಗದು. ಕುತೂಹಲಕ್ಕೆ, ಗೆಳೆಯರ ಜೊತೆಗೆ, ಬೆನ್ನುನೋವಿಗೆ ಔಷಧ ಹುಡುಕುತ್ತ ಬಂದವರೂ ಬೇಕಾದಷ್ಟಿದ್ದಾರೆ. ಎರಡನೆಯದು, ಬಾಲ್ಯದ ಕಷ್ಟವನ್ನು ಅಪರೂಪವೆಂದು ಭಾವಿಸುವುದು. ಅಮೆರಿಕದ ಸ್ಯಾನ್ ಡಿಯಾಗೋದಲ್ಲಿ 1995–97ರ ನಡುವೆ 17,000ಕ್ಕೂ ಹೆಚ್ಚು ವಯಸ್ಕರನ್ನು ಕೇಳಿ ನಡೆಸಿದ ಅಧ್ಯಯನದಲ್ಲಿ ಹತ್ತಿರಹತ್ತಿರ ಮೂರರಲ್ಲಿ ಎರಡು ಪಾಲು ಜನ ಬಾಲ್ಯದ ಕಹಿ ಅನುಭವಗಳಲ್ಲಿ ಒಂದನ್ನಾದರೂ ಕಂಡಿದ್ದರು. ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ, 13 ರಾಜ್ಯಗಳ 12,447 ಮಕ್ಕಳನ್ನು ಒಳಗೊಂಡ ಅಧ್ಯಯನದಲ್ಲಿಯೂ ಮೂರರಲ್ಲಿ ಇಬ್ಬರು ಮಕ್ಕಳು ದೈಹಿಕ ಹಿಂಸೆಯನ್ನು, ಅರ್ಧಕ್ಕಿಂತ ಹೆಚ್ಚಿನವರು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಅನುಭವಿಸಿದ್ದರು. ಇಷ್ಟು ಜನರಲ್ಲಿ ಬಹುಪಾಲು ಮಂದಿ ಯಾವ ಹೊಸ ಪಂಥಕ್ಕೂ ಸೇರುವುದಿಲ್ಲ.

ಮೂರನೆಯ ತಪ್ಪು ನಮ್ಮ ನೆಲಕ್ಕೆ ಸಂಬಂಧಿಸಿದ್ದು. ‘ಪರ್ಯಾಯ’ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಸ್ಟಾಕ್‌ಹೋಮಿನವರಿಗೆ ಯೋಗ, ಮಂತ್ರ, ಪುನರ್ಜನ್ಮ ಇವೆಲ್ಲ ಪರ್ಯಾಯ. ಮೈಸೂರಿನವರಿಗೆ ಅವು ಪಕ್ಕದ ಬೀದಿಯ ಸಂಗತಿಗಳು. ಸ್ವೀಡನ್ನಿನ ಸಂದರ್ಶನದಲ್ಲಿ ಒಬ್ಬರು ತೀರಿಹೋದ ತಂದೆ ಇನ್ನೂ ಇದ್ದಾರೆಂಬಂತೆ ಮಾತು ತಪ್ಪಿ ಹೇಳಿದರೆ ಅದನ್ನು ಬಗೆಹರಿಯದ ದುಃಖದ ಗುರುತೆಂದು ದಾಖಲಿಸಬಹುದು. ಆದರೆ ನಮ್ಮಲ್ಲಿ ಶ್ರಾದ್ಧದ ದಿನ ಹಿತ್ತಲಲ್ಲಿ ಎಡೆಯಿಟ್ಟು, ಕಾಗೆ ಬಂದು ಮುಟ್ಟುವವರೆಗೆ ಕಾದು, ‘ಅಪ್ಪ ಬಂದರು’ ಎಂದು ಹೇಳಿ ಊಟಕ್ಕೆ ಕೂರುವ ಮನೆಯವರ ಮನಸ್ಸು ಅಸ್ತವ್ಯಸ್ತವಾಗಿದೆ ಎಂದರೆ ಅದು ತಿಳಿಗೇಡಿತನವಾದೀತು. ಆದ್ದರಿಂದ ಈ ಬರಹದಲ್ಲಿ ‘ಪರ್ಯಾಯ’ ಎಂದರೆ ನೀವು ಬೆಳೆದ ಮನೆಯ ರೂಢಿಯಿಂದ ಹೊರಗೆ ಕಾಲಿಟ್ಟು ನೀವೇ ಆರಿಸಿಕೊಂಡದ್ದು ಎಂದಷ್ಟೇ ಅರ್ಥ.

ಗಾಯವು ಸೆಳೆತವಾಗಿ ಮಾರ್ಪಡುವ ಬಗೆ

ಒಂದು ಮನೆಯನ್ನು ಕಣ್ಣಮುಂದೆ ತಂದುಕೊಳ್ಳಿ. ಸಂಜೆ ಏಳರ ಹೊತ್ತಿಗೆ ಗೇಟಿನ ಚಿಲಕದ ಸದ್ದಾಗುತ್ತದೆ. ಒಳಗೆ ಪುಸ್ತಕ ಹಿಡಿದು ಕೂತ ಎಂಟು ವರ್ಷದ ಹುಡುಗಿ ತಲೆ ಎತ್ತುವುದಿಲ್ಲ, ಕಿವಿ ಮಾತ್ರ ಬಾಗಿಲ ಕಡೆಗಿರುತ್ತದೆ. ಸ್ಕೂಟರಿನ ಸ್ಟ್ಯಾಂಡ್ ಮೆಲ್ಲಗೆ ಬಿತ್ತೇ, ಒದ್ದಂತೆ ಬಿತ್ತೇ. ಚಪ್ಪಲಿಗಳನ್ನು ಜೋಡಿಸಿ ಬಿಟ್ಟರೇ, ಒಂದೊಂದು ದಿಕ್ಕಿಗೆ ಎಸೆದರೇ. ಇಷ್ಟರಿಂದಲೇ ಆ ರಾತ್ರಿ ಮನೆಯಲ್ಲಿ ಏನಾಗಬಹುದೆಂದು ಅವಳಿಗೆ ಗೊತ್ತಾಗುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ಒಂದು ಟ್ಯಾರೋ ತರಗತಿಯಲ್ಲಿ, ಎದುರು ಕೂತವರ ದುಃಖವನ್ನು ಅವಳು ಮಾತಿಗೆ ಮುಂಚೆಯೇ ಗುರುತಿಸಿದಾಗ, ಕಲಿಸುವವರು ‘ನಿಮಗೆ ಅಂತಃಸ್ಫುರಣೆ ಇದೆ, ಇದು ಎಲ್ಲರಿಗೂ ಸಿಗುವುದಿಲ್ಲ’ ಎನ್ನುತ್ತಾರೆ. ಆ ಮಾತು ಅವಳ ಒಳಗೆ ಎಷ್ಟು ಆಳಕ್ಕೆ ಇಳಿಯುತ್ತದೆಂದು ಹೊರಗಿನವರು ಊಹಿಸಲಾರರು. ಭಯದಿಂದ ಕಲಿತ ವಿದ್ಯೆಗೆ ಅಲ್ಲಿಯವರೆಗೆ ಯಾರೂ ಹೆಸರಿಟ್ಟಿರಲಿಲ್ಲ, ಮೊದಲ ಬಾರಿಗೆ ಅದಕ್ಕೊಂದು ಗೌರವದ ಹೆಸರು ಸಿಕ್ಕಿದೆ. ಅವಳ ಗ್ರಹಿಕೆ ಸುಳ್ಳಲ್ಲ. ಮುಖ ಓದುವುದು ಅವಳಿಗೆ ನಿಜವಾಗಿಯೂ ಗೊತ್ತು. ಆದರೆ ಅದು ಎಲ್ಲಿಂದ ಬಂತು ಎಂಬ ವಿವರಣೆ ಬದಲಾಗಿಬಿಟ್ಟಿದೆ. ಇದು ಈ ಇಡೀ ವಿಷಯದಲ್ಲಿ ಅತ್ಯಂತ ಕಡಿಮೆ ಚರ್ಚೆಯಾಗುವ, ಆದರೆ ಅತ್ಯಂತ ಬಲವಾದ ಸೆಳೆತ ಎಂಬುದು ನನ್ನ ಅಭಿಪ್ರಾಯ.

ಎರಡನೆಯ ಬಗೆ ಮೊದಲೇ ಹೇಳಿದ ತಲ್ಲೀನತೆಗೆ ಸಂಬಂಧಿಸಿದ್ದು. ಪೆಟ್ಟು ಬೀಳುವಾಗ ಓಡಲಾಗದ ಮಗು ಮನಸ್ಸಿನಿಂದ ಹೊರಟುಹೋಗುತ್ತದೆ: ಗೋಡೆಯ ಮೇಲಿನ ಕ್ಯಾಲೆಂಡರಿನ ಚಿತ್ರದೊಳಗೆ, ಸೂರಿನ ಜಂತಿಯ ಗೆರೆಗಳೊಳಗೆ. ಹೀಗೆ ಹೊರಟುಹೋಗುವುದು ರೂಢಿಯಾದವರಿಗೆ ದೊಡ್ಡವರಾದ ಮೇಲೆ ಧ್ಯಾನದಲ್ಲಿ ದೇಹ ಹಗುರಾಗುವುದು, ತಾನು ಮೇಲಿನಿಂದ ತನ್ನನ್ನೇ ನೋಡುತ್ತಿರುವಂತೆ ತೋರುವುದು ಬೇರೆಯವರಿಗಿಂತ ಬೇಗ ಆಗಬಹುದು. ಬೇಗ ಆದದ್ದನ್ನು ಗುರುಗಳು ಸಾಧನೆಯೆಂದು ಮೆಚ್ಚಿದರೆ, ಹಳೆಯ ಆತ್ಮರಕ್ಷಣೆಗೆ ಹೊಸ ಪದವಿ ಸಿಕ್ಕಂತಾಗುತ್ತದೆ.

ಕೈಬಿಡದ ಮಡಿಲಿನ ಹಂಬಲ ಮತ್ತೊಂದು. ಕಾಣದ ಮಾರ್ಗದರ್ಶಿ, ಕಾಯುವ ದೇವತೆ, ‘ಯೂನಿವರ್ಸ್’ ಎಂದು ಈಗ ಕರೆಯಲಾಗುವ ಶಕ್ತಿ ಇವು ಯಾವುವೂ ಕುಡಿದು ಮನೆಗೆ ಬರುವುದಿಲ್ಲ, ಊರು ಬಿಟ್ಟು ಹೋಗುವುದಿಲ್ಲ, ಸಾಯುವುದಿಲ್ಲ. ಜೊತೆಗೆ, ನಮ್ಮ ಕಡೆಯ ಮನೆಗಳಲ್ಲಿ ವಿಶೇಷವಾಗಿ ಕಾಣುವ ಒಂದು ಕಾರಣವನ್ನೂ ಹೇಳಬೇಕು. ಹೊಡೆಯುತ್ತಿದ್ದ ಕೈಯೇ ಬೆಳಗ್ಗೆ ಎದ್ದು ದೇವರಿಗೆ ಹೂವೇರಿಸುತ್ತಿದ್ದ ಮನೆಯಲ್ಲಿ ಬೆಳೆದವರಿಗೆ ಆ ದೇವರ ಕೋಣೆಯ ಊದುಬತ್ತಿಯ ವಾಸನೆಯೇ ಹೊಟ್ಟೆ ಹಿಂಡುವಂತಿರಬಹುದು. ಅಂಥವರು ದೈವವನ್ನು ಬಿಟ್ಟವರಲ್ಲ. ಆ ಕೈ ಮುಟ್ಟಿರದ ದೈವವನ್ನು ಹುಡುಕುತ್ತ ಹೊರಟವರು. ಮನೆಯವರು ಇದನ್ನು ಧರ್ಮದ್ರೋಹವೆಂದು ಬಗೆದಾಗ ಅರ್ಧ ಸಂಗತಿ ಅವರ ಕಣ್ಣಿಗೆ ಬೀಳದೇ ಹೋಗುತ್ತದೆ.

ವಿವರಣೆಯ ಆಸೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ‘ನನಗೇ ಏಕೆ ಹೀಗಾಯಿತು’ ಎಂಬ ಪ್ರಶ್ನೆಗೆ ಉತ್ತರ ಕೊಡುವವರ ಕಡೆಗೆ ಜನ ಹೋಗುವುದು ಸಹಜ. ಆದರೆ ಒಂದು ಬಗೆಯ ಉತ್ತರವನ್ನು ಮಾತ್ರ ಸಂಶಯದಿಂದಲೇ ನೋಡಬೇಕು. ಹುಟ್ಟುವ ಮೊದಲೇ ಆತ್ಮವು ತನ್ನ ತಂದೆತಾಯಿಗಳನ್ನು, ಆ ಕಷ್ಟಗಳನ್ನೂ ಸೇರಿಸಿ, ತಾನೇ ಆರಿಸಿಕೊಂಡಿರುತ್ತದೆ ಎಂದು ಕೆಲವರು ಬೋಧಿಸುತ್ತಾರೆ. ಅನುಭವಿಸಿದ್ದು ವ್ಯರ್ಥವಲ್ಲ ಎಂಬ ಸಮಾಧಾನ ಅದರಲ್ಲಿದೆ, ನಿಜ. ಆದರೆ ಮಗುವನ್ನು ಹಿಂಸಿಸಿದವರ ಹೊಣೆಯನ್ನು ಮಗುವಿನ ಹೆಗಲಿಗೇ ಹೊರಿಸುವ ಕೆಲಸವೂ ಅದರೊಳಗೆ ಸದ್ದಿಲ್ಲದೆ ನಡೆದಿರುತ್ತದೆ.

ಒಂದು ಬದುಕು

ಈ ಎಳೆಗಳನ್ನು ಒಟ್ಟಿಗೆ ನೋಡಲು ಜಿದ್ದು ಕೃಷ್ಣಮೂರ್ತಿಯವರ ಎಳೆಯ ವಯಸ್ಸಿಗಿಂತ ಒಳ್ಳೆಯ ಉದಾಹರಣೆ ನನಗೆ ತೋಚುವುದಿಲ್ಲ. ಅಂದಿನ ಪರ್ಯಾಯ ಅಧ್ಯಾತ್ಮವೆಂದರೆ 1875ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾಗಿ, 1882ರಿಂದ ಮದರಾಸಿನ ಅಡ್ಯಾರಿನಲ್ಲಿ ನೆಲೆಯೂರಿದ ಥಿಯಾಸಫಿಕಲ್ ಸೊಸೈಟಿ. ಅದರ ಸ್ಥಾಪಕಿ ಹೆಲೆನಾ ಬ್ಲಾವಟ್‌ಸ್ಕಿ ಹತ್ತರ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದವರು. ಮುಂದೆ ಅದರ ಅಧ್ಯಕ್ಷೆಯಾದ ಆನಿ ಬೆಸೆಂಟ್ ಐದರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡಿದ್ದವರು. ಆ ಕಾಲದಲ್ಲಿ ಎಳೆಯರಿಗೆ ಹೆತ್ತವರು ಇಲ್ಲವಾಗುವುದು ಇಂದಿಗಿಂತ ಎಷ್ಟೋ ಸಾಮಾನ್ಯವಾಗಿತ್ತು, ಆದ್ದರಿಂದ ಇಷ್ಟರಿಂದಲೇ ಏನನ್ನೂ ತೀರ್ಮಾನಿಸಬೇಕಿಲ್ಲ.

ಕೃಷ್ಣಮೂರ್ತಿ 1895ರಲ್ಲಿ ಮದನಪಲ್ಲಿಯಲ್ಲಿ ಹುಟ್ಟಿದರು. 1905ರಲ್ಲಿ ತಾಯಿ ತೀರಿಕೊಂಡರು. ತೀರಿಕೊಂಡ ಮೇಲೂ ತಾಯಿ ಕಾಣಿಸಿಕೊಳ್ಳುತ್ತಿದ್ದರೆಂದು ಅವರು ತರುಣ ವಯಸ್ಸಿನಲ್ಲಿ ಬರೆದುಕೊಂಡಿದ್ದಾರೆ. ಮಲೇರಿಯಾದಿಂದ ನಲುಗಿದ, ತನ್ನಷ್ಟಕ್ಕೆ ತಾನು ಮುಳುಗಿರುತ್ತಿದ್ದ ಹುಡುಗ ಶಾಲೆಯಲ್ಲಿ ದಡ್ಡನೆನಿಸಿಕೊಂಡು ಪೆಟ್ಟು ತಿನ್ನುತ್ತಿದ್ದ. ಅದೇ ಹುಡುಗನನ್ನು 1909ರಲ್ಲಿ ಅಡ್ಯಾರಿನ ಕಡಲತೀರದಲ್ಲಿ ಕಂಡ, ಸೊಸೈಟಿಯ ಮುಖಂಡ ಚಾರ್ಲ್ಸ್ ಲೆಡ್‌ಬೀಟರ್, ಈತ ಜಗತ್ತಿಗೆ ಗುರುವಾಗಬೇಕಾದವನು ಎಂದರು. ಶಾಲೆಯಲ್ಲಿ ಬೆತ್ತದೇಟು ತಂದ ಮಂಕುತನವೇ ಇಲ್ಲಿ ಮಹಿಮೆಯ ಲಕ್ಷಣವಾಯಿತು. ಬೆಸೆಂಟ್ ಅವರನ್ನು ಕೃಷ್ಣಮೂರ್ತಿ ಅಮ್ಮ ಎಂದೇ ಕರೆದರು. ಬೆಸೆಂಟ್ ಅವರ ಪೋಷಣೆಯಲ್ಲಿದ್ದ ಕೃಷ್ಣಮೂರ್ತಿಯನ್ನೂ ಅವರ ತಮ್ಮನನ್ನೂ ಹಿಂತಿರುಗಿಸಬೇಕೆಂದು ತಂದೆ ನಾರಾಯಣಯ್ಯ ಹೂಡಿದ ದಾವೆ ಮದರಾಸಿನ ಹೈಕೋರ್ಟಿನಲ್ಲಿ ಅವರ ಪರವಾಗಿ ಆಯಿತಾದರೂ 1914ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲಿನಲ್ಲಿ (ಅಂದಿನ ಕೊನೆಯ ಮೇಲ್ಮನವಿ ನ್ಯಾಯಾಲಯ) ಬೆಸೆಂಟ್ ಗೆದ್ದರು.

ತಾಯಿ ಹೋದ ಮೇಲೆ ಆತನಿಗೆ ಸದಾ ಜೊತೆಗಿದ್ದವನು ತಮ್ಮ ನಿತ್ಯಾನಂದ. ಕ್ಷಯರೋಗದಿಂದ ಬಳಲುತ್ತಿದ್ದ ಅವನು ಉಳಿಯುತ್ತಾನೆಂದು, ಥಿಯಾಸಫಿಯವರು ನಂಬುತ್ತಿದ್ದ ಅಗೋಚರ ಗುರುಗಳ ಅಭಯವಿದೆಯೆಂದು ಕೃಷ್ಣಮೂರ್ತಿ ನಂಬಿದ್ದರು. 1925ರ ನವೆಂಬರಿನಲ್ಲಿ, ಅಣ್ಣ ಹಡಗಿನಲ್ಲಿ ಭಾರತಕ್ಕೆ ಬರುತ್ತಿದ್ದಾಗ, ತಮ್ಮ ಕ್ಯಾಲಿಫೋರ್ನಿಯಾದ ಓಹೈಯಲ್ಲಿ ತೀರಿಕೊಂಡ. ನಾಲ್ಕು ವರ್ಷಗಳಾಗುವಷ್ಟರಲ್ಲಿ, 1929ರ ಆಗಸ್ಟ್ 3ರಂದು, ಹಾಲೆಂಡಿನ ಓಮೆನ್ ಶಿಬಿರದಲ್ಲಿ ತಮಗಾಗಿಯೇ ಕಟ್ಟಿದ್ದ ಸಂಘವನ್ನು ಅವರು ತಾವೇ ವಿಸರ್ಜಿಸಿದರು. ಆಮೇಲೆಯೂ ಬದುಕಿನುದ್ದಕ್ಕೂ ಅವರು ಮಾತನಾಡಿದ್ದು ಭಯ, ದುಃಖ, ಅವಲಂಬನೆ ಇವುಗಳ ಬಗ್ಗೆಯೇ; ಬೆಂಗಳೂರಿನ ಹೊರವಲಯದ ವ್ಯಾಲಿ ಸ್ಕೂಲ್ ಸೇರಿದಂತೆ ಅವರ ಚಿಂತನೆಯಿಂದ ಹುಟ್ಟಿದ ಶಾಲೆಗಳಲ್ಲಿ ಮಕ್ಕಳಲ್ಲಿ ಭಯ ಹುಟ್ಟಿಸದಿರುವುದು ಮುಖ್ಯ ಆಶಯ. ಪೆಟ್ಟು ತಿಂದ ಹುಡುಗನಿಗೂ ಈ ಆಶಯಕ್ಕೂ ಸಂಬಂಧವಿಲ್ಲವೆಂದು ಹೇಳುವ ಧೈರ್ಯ ನನಗಿಲ್ಲ. ಆ ಸಂಬಂಧ ಇದೆಯೆಂದ ಮಾತ್ರಕ್ಕೆ ಅವರ ಚಿಂತನೆಯ ತೂಕ ಕಡಿಮೆಯಾಗುತ್ತದೆಂದೂ ನಾನು ಒಪ್ಪುವುದಿಲ್ಲ.

ನೋಟ್‌ಬುಕ್ ಹಿಡಿದು ಕೂರುವುದು

ಈಗ ನಿಮ್ಮ ಕೆಲಸ. ನೂರು ಪುಟದ ಸಾಮಾನ್ಯ ನೋಟ್‌ಬುಕ್ ಸಾಕು. ಮೊಬೈಲಿನಲ್ಲಿ ಬರೆಯದಿರುವುದು ಒಳ್ಳೆಯದು, ಏಕೆಂದರೆ ಆ ಬಳಗದ ಸಂದೇಶಗಳೂ ಅದೇ ಪರದೆಯ ಮೇಲೆ ಬರುತ್ತಿರುತ್ತವೆ. ಮೊದಲ ಪುಟದ ನಡುವೆ ಉದ್ದಕ್ಕೊಂದು ಗೆರೆ ಎಳೆಯಿರಿ. ಎಡಕ್ಕೆ ಇಸವಿಯ ಪ್ರಕಾರ ಬದುಕಿನ ಘಟನೆಗಳನ್ನು ಬರೆಯಿರಿ: ಸಾವು, ಊರು ಬದಲಾದದ್ದು, ಹಾಸ್ಟೆಲಿಗೆ ಬಿಟ್ಟದ್ದು, ಅಪ್ಪ ಅಮ್ಮ ಮಾತು ಬಿಟ್ಟದ್ದು, ಕೆಲಸ ಹೋದದ್ದು, ಮದುವೆ ಮುರಿದದ್ದು. ಬಲಕ್ಕೆ ಅಧ್ಯಾತ್ಮದ ತಿರುವುಗಳನ್ನು ಬರೆಯಿರಿ: ಮೊದಲ ತರಗತಿ, ಮೊದಲ ದೀಕ್ಷೆ, ಒಬ್ಬ ಗುರುವನ್ನು ಬಿಟ್ಟು ಇನ್ನೊಬ್ಬರ ಬಳಿಗೆ ಹೋದದ್ದು. ಘಟನೆಯ ವಿವರ ಬೇಡ. ಒಂದು ಸಾಲಿಗಿಂತ ಹೆಚ್ಚು ಬರೆಯಬೇಡಿ. ಬರೆಯುತ್ತ ಎದೆಬಡಿತ ಜೋರಾದರೆ, ಕೈ ತಣ್ಣಗಾದರೆ, ಪುಸ್ತಕ ಮುಚ್ಚಿಟ್ಟು ಎದ್ದು ಮುಖ ತೊಳೆದುಕೊಳ್ಳಿ, ಉಳಿದದ್ದು ನಾಳೆಗಿರಲಿ. ಎರಡೂ ಕಡೆ ತುಂಬಿದ ಮೇಲೆ ಎಡದ ಇಸವಿಗಳಿಗೂ ಬಲದ ಇಸವಿಗಳಿಗೂ ನಡುವೆ ಎಷ್ಟು ತಿಂಗಳ ಅಂತರವಿದೆಯೆಂದು ನೋಡಿ. ಕೆಲವರಿಗೆ ಅಲ್ಲಿ ಏನೂ ಕಾಣುವುದಿಲ್ಲ, ಅದೂ ಒಂದು ಉತ್ತರವೇ.

ಮುಂದಿನ ಮೂರು ವಾರ ಸೆಳೆತದ ಹೊತ್ತನ್ನು ಗುರುತಿಸಿ. ಕಾರ್ಡು ತೆಗೆಯಬೇಕೆನಿಸಿದ್ದು, ಗುರುಗಳ ವಿಡಿಯೋ ನೋಡಬೇಕೆನಿಸಿದ್ದು, ಹೊಸ ಶಿಬಿರಕ್ಕೆ ಹೆಸರು ಕೊಡಬೇಕೆನಿಸಿದ್ದು ಯಾವಾಗ, ಅದಕ್ಕೆ ಒಂದು ಗಂಟೆ ಮೊದಲು ಏನಾಗಿತ್ತು? ‘ಮಂಗಳವಾರ ರಾತ್ರಿ 10, ಅಕ್ಕನ ಫೋನ್ ಬಂದ ಮೇಲೆ’ ಎಂಬಷ್ಟು ಸಾಕು. ಸಂತೋಷದ ದಿನಗಳಲ್ಲೂ ಸಾಧನೆ ಬೇಕೆನಿಸುತ್ತದೆಯೋ, ಅಥವಾ ಬೈಗುಳ ತಿಂದ ದಿನ, ಒಬ್ಬರೇ ಇದ್ದ ದಿನ ಮಾತ್ರವೋ ಎಂಬುದು ಹೀಗೆ ತಿಳಿಯುತ್ತದೆ. ಎರಡನೆಯದಾದರೆ ನಿಮ್ಮ ಸಾಧನೆ ನೋವಿನ ಮಾತ್ರೆಯ ಕೆಲಸ ಮಾಡುತ್ತಿದೆ. ನೋವಿನ ಮಾತ್ರೆ ಕೆಟ್ಟದ್ದೇನಲ್ಲ, ಆದರೆ ಹಲ್ಲು ಹುಳುಕಾಗಿದ್ದರೆ ಹಲ್ಲನ್ನೂ ತೋರಿಸಬೇಕಾಗುತ್ತದೆ. ಬೌದ್ಧ ಸಾಧಕರೂ ಮನಶ್ಚಿಕಿತ್ಸಕರೂ ಆಗಿದ್ದ ಅಮೆರಿಕದ ಜಾನ್ ವೆಲ್‌ವುಡ್ 1980ರ ದಶಕದಲ್ಲಿ ತಮ್ಮ ಸುತ್ತಲಿನ ಸಾಧಕರಲ್ಲೇ ಇದನ್ನು ಕಂಡು, ಬಗೆಹರಿಯದ ಭಾವನೆಗಳನ್ನು ಎದುರಿಸದೆ ಅಧ್ಯಾತ್ಮದ ಅಡ್ಡದಾರಿಯಿಂದ ದಾಟಿಕೊಂಡು ಹೋಗುವ ಈ ರೂಢಿಗೆ ‘ಸ್ಪಿರಿಚುಯಲ್ ಬೈಪಾಸಿಂಗ್’ ಎಂಬ ಹೆಸರನ್ನೇ ಕೊಟ್ಟರು. ಕೋಪ ಬರಬೇಕಾದ ಕಡೆ ‘ಎಲ್ಲರನ್ನೂ ಕ್ಷಮಿಸಿದ್ದೇನೆ’ ಎಂಬ ಮಾತು ತೀರಾ ಬೇಗ ಬರುತ್ತಿದ್ದರೆ ಅದನ್ನೂ ನೋಟ್‌ಬುಕ್ಕಿನಲ್ಲಿ ಗುರುತಿಸಿಕೊಳ್ಳಿ.

ಅದಾದ ಮೇಲೆ ಅಲ್ಲಿ ನಿಮಗೆ ನಿಜವಾಗಿ ಸಿಗುತ್ತಿರುವುದೇನೆಂದು ತತ್ವದ ಮಾತು ಬಿಟ್ಟು ಬರೆಯಿರಿ. ‘ಶಕ್ತಿ ಸಂಚಾರ’ ಎಂದು ಬರೆಯಬೇಡಿ. ‘ಒಬ್ಬರು ಇಪ್ಪತ್ತು ನಿಮಿಷ ತಲೆಯ ಮೇಲೆ ಕೈಯಿಟ್ಟರು, ಬಯ್ಯಲಿಲ್ಲ’ ಎಂದು ಬರೆಯಿರಿ. ಹೀಗೆ ಬರೆದಾಗ ನಿಮಗೆ ಬೇಕಾದದ್ದು ಏನೆಂಬುದು ಸ್ಪಷ್ಟವಾಗುತ್ತದೆ, ಅದು ಬೇರೆ ಎಲ್ಲೆಲ್ಲಿ ಸಿಕ್ಕೀತು ಎಂದೂ ಯೋಚಿಸಲು ಬರುತ್ತದೆ.

ನಾಲ್ಕನೆಯದು ಬರೆಯುವುದಲ್ಲ, ಮಾಡಿ ನೋಡುವುದು. ನಿಮ್ಮ ಗುರುಗಳಿಗೆ ಅಥವಾ ಬಳಗಕ್ಕೆ ಒಂದು ಸಣ್ಣ ವಿಷಯದಲ್ಲಿ ‘ಆಗುವುದಿಲ್ಲ’ ಎಂದು ಹೇಳಿ: ‘ಈ ಭಾನುವಾರ ಬರಲಾಗುವುದಿಲ್ಲ’, ‘ಮುಂದಿನ ಹಂತಕ್ಕೆ ಈ ವರ್ಷ ಹಣ ಕಟ್ಟುವುದಿಲ್ಲ’. ಕಾರಣ ಕೊಡಬೇಡಿ. ‘ಸರಿ, ಬಿಡುವಾದಾಗ ಬನ್ನಿ’ ಎಂಬ ಉತ್ತರ ಬಂದರೆ ನೆಮ್ಮದಿ. ‘ನಿಮ್ಮ ಅಹಂಕಾರ ತಡೆಯುತ್ತಿದೆ’, ‘ಈಗ ಬಿಟ್ಟರೆ ಕೆಡುಕಾಗುತ್ತದೆ’ ಎಂಬ ಉತ್ತರ ಬಂದರೆ, ಅದನ್ನು ಕೇಳಿದ ಕ್ಷಣದಲ್ಲಿ ನಿಮ್ಮ ಹೊಟ್ಟೆಯಲ್ಲಿ ಆದದ್ದನ್ನು ಗೇಟಿನ ಚಿಲಕದ ಸದ್ದಿಗೆ ಹೋಲಿಸಿ ನೋಡಿ. ಹೆದರಿಸುವ ಮಡಿಲನ್ನೇ ಮನೆಯೆಂದು ಕಲಿತವರಿಗೆ ಹೆದರಿಸುವ ಗುರುವೂ ಮನೆಯಂತೆಯೇ ತೋರುತ್ತಾನೆ. ಇದು ಅವರ ದಡ್ಡತನದಿಂದ ಆಗುವುದಲ್ಲ, ಪರಿಚಯದಿಂದ ಆಗುವುದು.

ಎಲ್ಲಿ ತಡೆದು ನಿಲ್ಲಬೇಕು

ಪೂರ್ವಜನ್ಮವನ್ನು ಅಥವಾ ಮರೆತುಹೋದ ಬಾಲ್ಯವನ್ನು ಸಮ್ಮೋಹನದ ಮೂಲಕ ಹೊರತೆಗೆಯುತ್ತೇವೆ ಎನ್ನುವವರ ಬಳಿಗೆ, ಬಾಲ್ಯದಲ್ಲಿ ನೊಂದವರು ಹೋಗದಿರುವುದೇ ಲೇಸು ಎಂದು ನಾನು ನೇರವಾಗಿ ಹೇಳುತ್ತೇನೆ. ನೆನಪೆಂಬುದು ಪೆಟ್ಟಿಗೆಯಲ್ಲಿ ಬೀಗ ಹಾಕಿಟ್ಟ ವಸ್ತುವಲ್ಲ. ಪ್ರತಿ ಸಲ ತೆಗೆದಾಗಲೂ ಹೊಸದಾಗಿ ಕಟ್ಟಿಕೊಳ್ಳುವಂಥದ್ದು. ನೆನಪಿನ ಬಗ್ಗೆ ಸಂಶೋಧನೆ ನಡೆಸಿದ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಅವರ ಸಹೋದ್ಯೋಗಿ 1995ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 24 ಮಂದಿಗೆ, ಐದರ ಆಸುಪಾಸಿನ ವಯಸ್ಸಿನಲ್ಲಿ ಅಂಗಡಿ ಸಂಕೀರ್ಣವೊಂದರಲ್ಲಿ ನೀವು ಕಳೆದುಹೋಗಿದ್ದಿರಿ ಎಂಬ ನಡೆಯದ ಕಥೆಯನ್ನು ನಿಜವಾದ ಘಟನೆಗಳ ನಡುವೆ ಸೇರಿಸಿ ಕೊಡಲಾಗಿತ್ತು. ಸುಮಾರು ಕಾಲುಭಾಗ ಜನ ಅದನ್ನು ಪೂರ್ತಿಯಾಗಿಯೋ ಅಲ್ಪಸ್ವಲ್ಪವೋ ‘ನೆನಪಿಸಿಕೊಂಡರು’. ತಲ್ಲೀನತೆ ಹೆಚ್ಚಿರುವವರಿಗೆ, ನಂಬುಗೆಯ ಗುರು ಮೆಲುದನಿಯಲ್ಲಿ ಕೇಳುವ ಪ್ರಶ್ನೆಗಳ ಎದುರು, ಇದು ಇನ್ನಷ್ಟು ಸುಲಭವಾಗಿ ಆಗಬಹುದು. ಇರುವ ನೋವೇ ಸಾಕಾಗಿರುವಾಗ ನಡೆಯದ ನೋವೊಂದನ್ನು ಹೊತ್ತು ತರಬೇಕಾಗಿಲ್ಲ.

ಹತ್ತು ದಿನಗಳ ಮೌನ ಶಿಬಿರಗಳ ವಿಷಯ ಬೇರೆ. ಅವುಗಳಿಂದ ಒಳಿತು ಕಂಡವರು ಅನೇಕರು. ಆದರೂ ಹಳೆಯ ಆಘಾತವಿರುವವರಿಗೆ ಮಾತು, ಫೋನು, ಓದು ಎಲ್ಲವನ್ನೂ ಒಮ್ಮೆಗೇ ಕಿತ್ತುಕೊಂಡು ಕಣ್ಣು ಮುಚ್ಚಿ ಕೂರಿಸಿದಾಗ, ಅದುವರೆಗೆ ಹಿಡಿದಿಟ್ಟದ್ದೆಲ್ಲ ಒಟ್ಟಿಗೆ ನುಗ್ಗಿ ಬರಬಹುದು. ಅರ್ಜಿಯಲ್ಲಿ ಮಾನಸಿಕ ಆರೋಗ್ಯದ ಬಗ್ಗೆ ಕೇಳಿದ್ದಕ್ಕೆ ಸುಳ್ಳು ಬರೆಯಬೇಡಿ. ಮೊದಲು ಮನೆಯಲ್ಲೇ ಹತ್ತು ನಿಮಿಷ ಕಣ್ಣು ತೆರೆದು, ಅಂಗಾಲು ನೆಲಕ್ಕೆ ತಾಗಿಸಿ ಕೂತು ಅಭ್ಯಾಸ ಮಾಡಿ.

ಮಾತ್ರೆ ಬಿಡಿ ಎನ್ನುವವರನ್ನು, ಮನೆಯವರ ಸಂಪರ್ಕ ಕಡಿದುಕೊಳ್ಳಿ ಎನ್ನುವವರನ್ನು, ಒಂಟಿಯಾಗಿ ಬನ್ನಿ ಎನ್ನುವವರನ್ನು ಬಿಟ್ಟುಬಿಡಿ. ಇದರಲ್ಲಿ ಚರ್ಚಿಸುವಂಥದ್ದು ಏನಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಹಿಂಸಿಸುವುದು ಕರ್ನಾಟಕದಲ್ಲಿ ಅಪರಾಧ. 2017ರಲ್ಲಿ ರೂಪುಗೊಂಡ, ಅಮಾನವೀಯ ದುಷ್ಟ ಪದ್ಧತಿಗಳನ್ನೂ ಮಾಟವನ್ನೂ ತಡೆಯುವ ಕಾಯ್ದೆ 2020ರ ಜನವರಿಯಿಂದ ಜಾರಿಯಲ್ಲಿದೆ.

ಮನೆಯವರಿಗೆ

‘ನಿನಗೇನು ಕಡಿಮೆ ಮಾಡಿದ್ದೆವು?’ ಎಂದು ಕೇಳಬೇಡಿ. ಇದು ಕೇಳಲು ಪ್ರಶ್ನೆಯಂತಿದ್ದರೂ ಉತ್ತರವನ್ನು ಬಯಸುವುದಿಲ್ಲ. ಮಗಳು ಉತ್ತರ ಕೊಟ್ಟರೆ ಕೃತಘ್ನಳಾಗುತ್ತಾಳೆ, ಸುಮ್ಮನಿದ್ದರೆ ಸೋತಂತಾಗುತ್ತದೆ. ‘ಹರಳು ಇಟ್ಟುಕೊಂಡರೆ ಸಾಲ ತೀರುತ್ತದೆಯೇ’ ಎಂಬ ಕುಹಕವೂ ಬೇಡ. ಅದರ ಬದಲು ಒಂದು ದಿನ, ಅಡುಗೆಮನೆಯಲ್ಲಿ ಕೈಗೆ ಕೆಲಸವಿರುವಾಗ, ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ, ‘ಅಲ್ಲಿ ಹೋದಾಗ ನಿನಗೆ ಹೇಗನ್ನಿಸುತ್ತೆ ಮಗಾ?’ ಎಂದು ಕೇಳಿ. ಎದುರುಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳಿದರೆ ವಿಚಾರಣೆಯಂತಾಗುತ್ತದೆ. ಉತ್ತರದಲ್ಲಿ ಹಳೆಯ ಮನೆಯ ಮಾತು, ಬಹುಶಃ ನಿಮ್ಮದೇ ತಪ್ಪಿನ ಮಾತು ಬಂದರೆ, ‘ಆಗ ನಮ್ಮ ಪರಿಸ್ಥಿತಿ ಹಾಗಿತ್ತು’ ಎಂಬ ಸಮಜಾಯಿಷಿಯನ್ನು ಆ ದಿನದ ಮಟ್ಟಿಗೆ ನುಂಗಿಕೊಳ್ಳಿ. ‘ಹೌದು, ಹಾಗಾಗಿತ್ತು’ ಎಂದರೆ ಸಾಕು. ಅಷ್ಟೊಂದು ಚಿಕ್ಕ ಮಾತನ್ನು ಕೇಳಲಿಕ್ಕಾಗಿಯೇ ಅವರು ಬಹುಶಃ ಇಷ್ಟೆಲ್ಲ ಊರು ತಿರುಗಿರುತ್ತಾರೆ. ಇನ್ನು, ಹಿರಿಯರನ್ನೋ ಜ್ಯೋತಿಷಿಗಳನ್ನೋ ಕರೆಸಿ ‘ಬುದ್ಧಿ ಹೇಳಿಸುವ’ ಯೋಜನೆಯಿದ್ದರೆ ಕೈಬಿಡಿ.

ನೆರವು ಪಡೆಯುವಾಗ

ನೋಟ್‌ಬುಕ್ ತುಂಬುತ್ತ ನಿದ್ದೆ ಕೆಡುತ್ತಿದ್ದರೆ, ಹಳೆಯ ದೃಶ್ಯಗಳು ಹಗಲಿನಲ್ಲೂ ಕಣ್ಣಿಗೆ ಕಟ್ಟುತ್ತಿದ್ದರೆ, ಬದುಕುವುದೇ ಬೇಡವೆನಿಸಿದರೆ, ಒಬ್ಬರೇ ಮುಂದುವರಿಯಬೇಡಿ. 2022ರ ಅಕ್ಟೋಬರಿನಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಅಲ್ಲದೆ ಜಿಲ್ಲಾ ಆಸ್ಪತ್ರೆಗಳಲ್ಲೂ ಮನೋವೈದ್ಯರಿರುತ್ತಾರೆ.

ಆಪ್ತಸಮಾಲೋಚಕರ ಬಳಿ ಹೋದಾಗ ನಗುತ್ತಾರೇನೋ ಎಂಬ ಅಳುಕಿನಿಂದ ಅನೇಕರು ತಮ್ಮ ಸಾಧನೆಯ ವಿಷಯವನ್ನೇ ಮುಚ್ಚಿಡುತ್ತಾರೆ. ಅದರಿಂದ ಅರ್ಧ ಬದುಕು ಕೋಣೆಯ ಹೊರಗೇ ಉಳಿಯುತ್ತದೆ. ಮೊದಲ ಭೇಟಿಯಲ್ಲೇ ನೋಟ್‌ಬುಕ್ಕಿನ ಗೆರೆ ಎಳೆದ ಆ ಮೊದಲ ಪುಟವನ್ನು ಅವರ ಮುಂದಿಡಿ, ಬಲಭಾಗವನ್ನು ಮೊದಲು ಓದಿ, ಆಮೇಲೆ ಎಡಭಾಗವನ್ನು ಓದಿ. ‘ನಾನು ಇದನ್ನು ಬಿಡಬೇಕೆಂದು ಬಂದಿಲ್ಲ, ಇದು ನನಗೆ ಏನು ಮಾಡುತ್ತಿದೆಯೆಂದು ತಿಳಿಯಲು ಬಂದಿದ್ದೇನೆ’ ಎಂದು ಹೇಳಿ. ಅವರು ಆ ಬಲಭಾಗವನ್ನು ಗೇಲಿ ಮಾಡಿದರೆ ಅಥವಾ ತಮ್ಮದೇ ದೇವರನ್ನು ನಿಮಗೆ ಒಪ್ಪಿಸಲು ಹೊರಟರೆ, ಎರಡನೆಯ ಭೇಟಿಗೆ ಬೇರೊಬ್ಬರನ್ನು ಹುಡುಕಿಕೊಳ್ಳಿ.